ಸಂಸ್ಥೆಯ ಪೋರ್ಟಲ್ಲಿನ ಬಳಕೆ: ಅಳೆಯುವ ಕ್ರಮ, ಬೆಳೆಸುವ ಕ್ರಮ

೧. ಪ್ರಸ್ತಾವನೆ

ಯಾವುದಾದರೊಂದು ಸಂಸ್ಥೆ ತನ್ನ ನೌಕರರ ಉಪಯೋಗಕ್ಕೆಂದು ಹಣವನ್ನು ವೆಚ್ಚಮಾಡಿ ಒಂದು ಸಾಧನವನ್ನು ಏರ್ಪಡಿಸಿದ ಮೇಲೆ, ಆ ಸಾಧನ ನಿಜವಾಗಿಯೂ ಉಪಯೋಗಕ್ಕೆ ಬರುತ್ತಿದೆಯೇ ಎಂದು ವಿಚಾರಿಸುವುದು ಸಹಜವೂ ಹೌದು, ನ್ಯಾಯವೂ ಹೌದು. ಇಂದಿನ ದೊಡ್ಡ ಸಂಸ್ಥೆಗಳಲ್ಲಿ ಪೋರ್ಟಲ್ ಎಂಬುದು ಅಂತಹ ಒಂದು ಸಾಧನವಾಗಿದೆ. ವೇತನದ ಚೀಟಿ, ರಜೆಯ ಅರ್ಜಿ, ಸುತ್ತೋಲೆಗಳು, ದೂರವಾಣಿಯ ಪಟ್ಟಿ, ಕೆಲಸದ ನಿಯಮಗಳು, ಅನುಭವಿಗಳು ಬರೆದಿಟ್ಟ ಟಿಪ್ಪಣಿಗಳು ಇವೆಲ್ಲವನ್ನೂ ಒಂದೇ ಬಾಗಿಲಿನ ಒಳಗೆ ತಂದಿರಿಸುವ ಗಣಕಜಾಲದ ಏರ್ಪಾಟಿಗೆ ಈ ಹೆಸರು ಸಲ್ಲುತ್ತದೆ. ಇದನ್ನು ಎಷ್ಟು ಮಂದಿ ಬಳಸುತ್ತಾರೆ, ಬಳಸದವರು ಏಕೆ ಬಳಸುವುದಿಲ್ಲ, ಬಳಕೆಯನ್ನು ಹೆಚ್ಚಿಸುವ ಬಗೆ ಯಾವುದು ಎಂಬ ಪ್ರಶ್ನೆಗಳು ಆಡಳಿತಗಾರರನ್ನು ಸದಾ ಕಾಡುತ್ತಿರುತ್ತವೆ.

ಇಂತಹ ವಿಷಯಕ್ಕೆ ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಸ್ಥಾನವೆಲ್ಲಿ ಎಂದು ವಾಚಕರಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಪೋರ್ಟಲ್ಲಿನ ಬಳಕೆಯನ್ನು ಅಳೆಯುವವನು ಮಾಡುವ ಕೆಲಸ ಮೂಲತಃ ಇತಿಹಾಸಕಾರನ ಕೆಲಸವೇ. ಅವನ ಮುಂದಿರುವುದು ಮನುಷ್ಯರು ನಡೆದು ಹೋದ ಮೇಲೆ ಉಳಿದ ಹೆಜ್ಜೆಯ ಗುರುತುಗಳು. ಆ ಗುರುತುಗಳಿಂದ ನಡೆದವರ ಉದ್ದೇಶವನ್ನೂ ಅವರಿಗಾದ ಫಲವನ್ನೂ ಅವನು ಊಹಿಸಬೇಕು. ಶಾಸನವನ್ನಾಗಲಿ ಕಂದಾಯದ ಲೆಕ್ಕವನ್ನಾಗಲಿ ಓದುವಾಗ ನಾವು ಯಾವ ಪ್ರಶ್ನೆಗಳನ್ನು ಕೇಳುತ್ತೇವೆಯೋ ಅವನ್ನೇ ಇಲ್ಲಿಯೂ ಕೇಳಬೇಕಾಗುತ್ತದೆ. ಹಾಗೆ ಕೇಳದೆ ಅಂಕಿಗಳನ್ನು ನಂಬಿದಲ್ಲಿ ಆಗುವ ಹಾನಿಯನ್ನು ಅನುಭವಿಸುವವರು ಬಹುಮಟ್ಟಿಗೆ ಆ ಅಂಕಿಗಳನ್ನು ಎಂದೂ ಕಾಣದ ಸಾಮಾನ್ಯ ನೌಕರರು. ಪೋರ್ಟಲ್ ಚೆನ್ನಾಗಿ ಬಳಕೆಯಾಗುತ್ತಿದೆ ಎಂಬ ವರದಿಯ ಆಧಾರದ ಮೇಲೆ ಸಿಬ್ಬಂದಿ ಶಾಖೆಯ ಗುಮಾಸ್ತನ ಹುದ್ದೆಯನ್ನು ತೆಗೆದುಹಾಕಿದರೆ, ಗಣಕಯಂತ್ರವಿಲ್ಲದ ಕಾರ್ಮಿಕ ತನ್ನ ವೇತನದ ಚೀಟಿಗಾಗಿ ಪರರ ಮುಂದೆ ನಿಲ್ಲಬೇಕಾಗುತ್ತದೆ. ಆದುದರಿಂದ ಅಳತೆಯ ವಿಚಾರ ಕೇವಲ ತಾಂತ್ರಿಕವಾದುದಲ್ಲ.

ಬರುವವರನ್ನು ಎಣಿಸುವುದು ಬೇರೆ, ಬಳಕೆಯನ್ನು ಅಳೆಯುವುದು ಬೇರೆ ಎಂಬುದನ್ನೂ, ಎಣಿಕೆಗೆ ಬಹುಮಾನವನ್ನು ಗಂಟುಹಾಕುವುದಕ್ಕಿಂತ ಬಳಸುವವನ ದಾರಿಯ ಅಡ್ಡಿಗಳನ್ನು ತೆಗೆಯುವುದೇ ಸರಿಯಾದ ಪ್ರೋತ್ಸಾಹವೆಂಬುದನ್ನೂ ನಿದರ್ಶನಪೂರ್ವಕವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

೨. ಪೋರ್ಟಲ್ಲಿನ ಹುಟ್ಟು

ಜಗತ್ತನ್ನೆಲ್ಲ ಇಂದು ವ್ಯಾಪಿಸಿರುವ ವೆಬ್ ಹುಟ್ಟಿದ್ದೇ ಒಂದು ಸಂಸ್ಥೆಯ ಒಳಗಿನ ಕಷ್ಟವನ್ನು ನಿವಾರಿಸುವುದಕ್ಕಾಗಿ ಎಂಬುದು ಗಮನಾರ್ಹ. ಜಿನೀವಾ ನಗರದ ಬಳಿ ಇರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ೧೯೮೯ರ ಮಾರ್ಚಿಯಲ್ಲಿ ಮೇಲಧಿಕಾರಿಗಳಿಗೆ ಒಂದು ಸಲಹಾಪತ್ರವನ್ನು ಸಲ್ಲಿಸಿದನು. ಅಲ್ಲಿಗೆ ಬರುವ ವಿಜ್ಞಾನಿಗಳು ಸಾಮಾನ್ಯವಾಗಿ ಎರಡು ವರ್ಷವಿದ್ದು ಹೊರಟುಹೋಗುತ್ತಿದ್ದರು. ಅವರೊಡನೆ ಅವರು ತಿಳಿದಿದ್ದ ಸಂಗತಿಗಳೂ ಹೊರಟುಹೋಗುತ್ತಿದ್ದವು. ಈ ನಷ್ಟವನ್ನು ತಡೆಯುವುದೇ ಆ ಪತ್ರದ ಉದ್ದೇಶವಾಗಿತ್ತು.

೧೯೯೦ರ ದಶಕದ ಮಧ್ಯಭಾಗದ ವೇಳೆಗೆ, ಸಂಸ್ಥೆಯ ಒಳಗೆ ಮಾತ್ರ ನಡೆಯುವ ಇಂತಹ ಜಾಲಗಳಿಗೆ ಇಂಟ್ರಾನೆಟ್ ಎಂಬ ಹೆಸರು ರೂಢಿಗೆ ಬಂದಿತು. ೧೯೯೮ರಲ್ಲಿ ಅಮೆರಿಕದ ಮೆರಿಲ್ ಲಿಂಚ್ ಎಂಬ ಹಣಕಾಸಿನ ಸಂಸ್ಥೆ ಹೊರತಂದ ಒಂದು ವರದಿ, ಸಂಸ್ಥೆಯ ಎಲ್ಲ ಮಾಹಿತಿಗೂ ಒಂದೇ ಪ್ರವೇಶದ್ವಾರವಿರಬೇಕೆಂಬ ಕಲ್ಪನೆಗೆ ಪೋರ್ಟಲ್ ಎಂಬ ಹೆಸರನ್ನು ಜೋಡಿಸಿ ಅದಕ್ಕೆ ಹೆಚ್ಚಿನ ಪ್ರಚಾರವನ್ನು ತಂದಿತು. ಮಹಾದ್ವಾರವೆಂಬುದೇ ಆ ಪದದ ಅರ್ಥ. ಆದರೆ ದ್ವಾರವನ್ನು ಕಟ್ಟಿದ ಮಾತ್ರಕ್ಕೆ ಜನ ಒಳಗೆ ಬರುವುದಿಲ್ಲ. ಬಂದವರೆಲ್ಲರೂ ಕಾರ್ಯಸಿದ್ಧಿಯನ್ನು ಪಡೆದು ಹೋಗುತ್ತಾರೆಂಬ ನಿಶ್ಚಯವೂ ಇಲ್ಲ.

೩. ಲಾಗ್ ಎಂಬ ಆಕರ

ಪೋರ್ಟಲ್ಲಿನ ಬಳಕೆಗೆ ಸಂಬಂಧಿಸಿದ ಮೊದಲನೆಯ ಆಕರವೆಂದರೆ ಸರ್ವರಿನ ಲಾಗ್. ಪುಟಗಳನ್ನು ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದು ತನ್ನಲ್ಲಿಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಒಂದೊಂದು ಸಾಲಾಗಿ ಬರೆದಿಡುತ್ತದೆ. ಕೋರಿಕೆ ಬಂದ ಯಂತ್ರದ ವಿಳಾಸ, ದಿನ ಮತ್ತು ವೇಳೆ, ಕೇಳಿದ ಪುಟ, ಅದು ದೊರೆಯಿತೋ ಇಲ್ಲವೋ ಎಂಬುದನ್ನು ಸೂಚಿಸುವ ಸಂಖ್ಯೆ, ಕಳುಹಿಸಿದ ಮಾಹಿತಿಯ ಗಾತ್ರ ಇವು ಆ ಸಾಲಿನಲ್ಲಿರುತ್ತವೆ. ಪುಟ ದೊರೆತರೆ ೨೦೦ ಎಂಬ ಸಂಖ್ಯೆಯೂ, ಅಂತಹ ಪುಟವೇ ಇಲ್ಲದಿದ್ದರೆ ೪೦೪ ಎಂಬ ಸಂಖ್ಯೆಯೂ ಬೀಳುತ್ತದೆ.

ಸರ್ನ್ ಸಂಸ್ಥೆಯ ಮೊದಲ ಸರ್ವರಿನ ಲಾಗ್ ಇಂತಹ ಆಕರದ ಬೆಲೆಯನ್ನು ಚೆನ್ನಾಗಿ ತೋರಿಸುತ್ತದೆ. ೧೯೯೧ರ ಬೇಸಿಗೆಯಲ್ಲಿ ಅದಕ್ಕೆ ದಿನವೊಂದಕ್ಕೆ ಬರುತ್ತಿದ್ದ ಕೋರಿಕೆಗಳು ಹೆಚ್ಚೆಂದರೆ ನೂರು. ೧೯೯೨ರಲ್ಲಿ ಸುಮಾರು ಒಂದು ಸಾವಿರ. ೧೯೯೩ರಲ್ಲಿ ಸುಮಾರು ಹತ್ತು ಸಾವಿರ. ವರ್ಷಕ್ಕೆ ಹತ್ತರಷ್ಟು ಬೆಳವಣಿಗೆಯನ್ನು ಸೂಚಿಸುವ ಈ ಸಾಲು ವೆಬ್ಬಿನ ಇತಿಹಾಸವನ್ನು ಬರೆಯುವವರಿಗೆ ಬಹು ಮುಖ್ಯವಾದ ಸಾಕ್ಷ್ಯವಾಗಿದೆ.

ಆದರೂ ಆಕರವನ್ನು ಅದರ ಮಿತಿಯೊಳಗೆ ಓದಬೇಕು. ಲಾಗಿನಲ್ಲಿರುವುದು ಯಂತ್ರಗಳ ನಡುವಣ ವ್ಯವಹಾರ, ಮನುಷ್ಯರ ವ್ಯವಹಾರವಲ್ಲ. ಒಂದು ಪುಟದಲ್ಲಿ ೨೦ ಚಿತ್ರಗಳಿದ್ದರೆ, ಆ ಪುಟವನ್ನು ಒಬ್ಬನು ಒಮ್ಮೆ ತೆರೆದಾಗ ಲಾಗಿನಲ್ಲಿ ೨೧ ಸಾಲುಗಳು ಬೀಳಬಹುದು. ಒಮ್ಮೆ ತಂದ ಪುಟವನ್ನು ಓದುಗನ ಯಂತ್ರವೇ ನೆನಪಿನಲ್ಲಿಟ್ಟುಕೊಂಡಿದ್ದು ಎರಡನೆಯ ಸಾರಿ ಅಲ್ಲಿಂದಲೇ ತೋರಿಸಿದರೆ, ಆ ಓದು ಲಾಗಿಗೆ ಬಾರದೆಯೇ ಹೋಗಬಹುದು. ಒಂದೇ ಗಣಕಯಂತ್ರವನ್ನು ಹತ್ತು ಜನ ಹಂಚಿಕೊಂಡಿದ್ದರೆ ವಿಳಾಸದ ದೃಷ್ಟಿಯಿಂದ ಅವರೆಲ್ಲರೂ ಒಬ್ಬರೇ. ಭೇಟಿ ಎಂಬುದಂತೂ ಲಾಗಿನಲ್ಲಿ ಇಲ್ಲವೇ ಇಲ್ಲ. ಸಾಲುಗಳ ನಡುವೆ ೩೦ ನಿಮಿಷಗಳ ಬಿಡುವು ಕಂಡರೆ ಒಂದು ಭೇಟಿ ಮುಗಿದು ಇನ್ನೊಂದು ಆರಂಭವಾಯಿತೆಂದು ಎಣಿಸುವುದು ವಿಶ್ಲೇಷಕರು ಮಾಡಿಕೊಂಡಿರುವ ಒಪ್ಪಂದ ಮಾತ್ರ. ಪೋರ್ಟಲ್ಲಿಗೆ ಹೆಸರು ಹಾಗೂ ಗುಪ್ತಪದವನ್ನು ಕೊಟ್ಟೇ ಪ್ರವೇಶಿಸಬೇಕೆಂಬ ನಿಯಮವಿದ್ದಲ್ಲಿ ಈ ದೋಷಗಳಲ್ಲಿ ಕೆಲವು ಪರಿಹಾರವಾಗುತ್ತವೆ. ಆದರೆ ಒಬ್ಬನ ಗುಪ್ತಪದದಿಂದ ಇಡೀ ಶಾಖೆಯೇ ಕೆಲಸ ಮಾಡುವ ಪದ್ಧತಿಯುಳ್ಳ ಕಡೆ ಆ ಸಾಕ್ಷ್ಯವೂ ಸಡಿಲವಾಗುತ್ತದೆ.

೪. ಎಣಿಕೆ ಮತ್ತು ಬಳಕೆ

ಒಂದು ಕಲ್ಪಿತ ಉದಾಹರಣೆಯಿಂದ ಈ ಮಾತು ಸ್ಪಷ್ಟವಾದೀತು. ಒಂದು ಕಾರ್ಖಾನೆಯಲ್ಲಿ ೧,೦೦೦ ನೌಕರರಿದ್ದಾರೆಂದೂ, ಅವರಲ್ಲಿ ೬೦೦ ಮಂದಿಗೆ ಮೇಜಿನ ಮೇಲೆ ಗಣಕಯಂತ್ರವಿದೆಯೆಂದೂ, ಉಳಿದ ೪೦೦ ಮಂದಿ ಯಂತ್ರಶಾಲೆಯಲ್ಲಿ ನಿಂತು ದುಡಿಯುವವರೆಂದೂ ಭಾವಿಸೋಣ. ಒಂದು ತಿಂಗಳ ೨೦ ಕೆಲಸದ ದಿನಗಳಲ್ಲಿ ಪೋರ್ಟಲ್ಲಿಗೆ ೧೨,೦೦೦ ಭೇಟಿಗಳು ಬಂದುವೆಂದು ವರದಿಯಾಯಿತು. ತಲೆಗೆ ೧೨ ಭೇಟಿ. ಸಾಧನೆ ದೊಡ್ಡದೆಂದೇ ತೋರುತ್ತದೆ. ಆದರೆ ಆ ಕಾರ್ಖಾನೆಯ ಗಣಕಯಂತ್ರಗಳಲ್ಲಿ ಬ್ರೌಸರನ್ನು ತೆರೆದೊಡನೆ ಮೊದಲು ಪೋರ್ಟಲ್ಲಿನ ಪುಟವೇ ತಾನಾಗಿ ಕಾಣಿಸಿಕೊಳ್ಳುವಂತೆ ಏರ್ಪಾಡಾಗಿದ್ದರೆ ಏನಾಗುತ್ತದೆ? ೬೦೦ ಯಂತ್ರಗಳು ೨೦ ದಿನ ದಿನಕ್ಕೊಮ್ಮೆ ತೆರೆದರೆ ಆಗುವುದೂ ೧೨,೦೦೦ವೇ. ಅಂದರೆ ಒಬ್ಬನೂ ಒಂದಕ್ಷರವನ್ನು ಓದದೆಯೇ ಈ ಸಂಖ್ಯೆ ಒದಗಿಬರಬಹುದು. ೪೦೦ ಮಂದಿ ಕಾರ್ಮಿಕರು ಪೋರ್ಟಲ್ಲಿನ ಮುಖವನ್ನೇ ನೋಡದಿದ್ದರೂ ಈ ಸಂಖ್ಯೆಯಲ್ಲಿ ಅದು ಕಾಣುವುದಿಲ್ಲ.

ಅಧ್ಯಾಪಕರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಹಾಜರಿಯ ಪುಸ್ತಕದಿಂದ ವಿದ್ಯಾರ್ಥಿ ತರಗತಿಗೆ ಬಂದುದನ್ನು ತಿಳಿಯಬಹುದೇ ಹೊರತು, ಅವನು ಕಲಿತುದನ್ನು ತಿಳಿಯಲಾಗುವುದಿಲ್ಲ. ಹಾಜರಿ ಕಡ್ಡಾಯವಾಗಿರುವ ತರಗತಿಯಲ್ಲಿ ಅದರಿಂದ ಪಾಠದ ಗುಣವನ್ನು ಊಹಿಸುವುದಂತೂ ಸಾಧ್ಯವೇ ಇಲ್ಲ. ಹಾಗೆಯೇ ವೇತನದ ಚೀಟಿ ಪೋರ್ಟಲ್ಲಿನಲ್ಲಲ್ಲದೆ ಬೇರೆಲ್ಲಿಯೂ ದೊರೆಯದಂತೆ ಮಾಡಿದ ಸಂಸ್ಥೆಯಲ್ಲಿ ತಿಂಗಳ ಕೊನೆಗೆ ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ. ಅದು ವಿಧೇಯತೆಯ ಅಳತೆಯೇ ಹೊರತು ಉಪಯುಕ್ತತೆಯ ಅಳತೆಯಲ್ಲ.

ಪುಟದ ಮೇಲೆ ಕಳೆದ ಕಾಲವನ್ನು ಅಳೆಯುವುದರಲ್ಲಿಯೂ ಇಂತಹುದೇ ತೊಡಕುಂಟು. ವರ್ತಮಾನ ಪತ್ರಿಕೆಯ ತಾಣದಲ್ಲಿ ಓದುಗ ಹೆಚ್ಚು ಹೊತ್ತು ನಿಂತರೆ ಅದು ಆಸಕ್ತಿಯ ಲಕ್ಷಣವಿರಬಹುದು. ರಜೆಯ ಅರ್ಜಿಯ ಪುಟದಲ್ಲಿ ಅವನು ಹತ್ತು ನಿಮಿಷ ನಿಂತರೆ ಅದು ಆ ಪುಟ ಅರ್ಥವಾಗಲಿಲ್ಲವೆಂಬುದರ ಲಕ್ಷಣ. ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಕಾಲವನ್ನು ಉಳಿಸಬೇಕೆಂಬುದು. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದು, ೧೯೬೨ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದ ಆ ವಿದ್ವಾಂಸರ ಸೂತ್ರ ಪೋರ್ಟಲ್ಲಿಗೂ ಅಕ್ಷರಶಃ ಅನ್ವಯಿಸುತ್ತದೆ. ಒಳಗಿನ ಪೋರ್ಟಲ್ಲಿನ ವಿಷಯದಲ್ಲಿ ಬೇಗನೆ ಕೆಲಸ ಮುಗಿಸಿಕೊಂಡು ಹೊರಟುಹೋದವನೇ ಬಹುಮಟ್ಟಿಗೆ ತೃಪ್ತನಾದ ಬಳಕೆದಾರ.

೫. ಅಳತೆಯ ಯೋಜನೆ

ಹಾಗಾದರೆ ಅಳತೆಯನ್ನು ಯೋಜಿಸುವ ಕ್ರಮವೇನು? ಅದನ್ನು ಐದು ಹಂತಗಳಾಗಿ ಹೇಳಬಹುದು.

ಮೊದಲನೆಯದಾಗಿ, ಉದ್ದೇಶವನ್ನು ಬರೆದಿಡಬೇಕು. ‘ಬಳಕೆ ಹೆಚ್ಚಬೇಕು’ ಎಂಬುದು ಉದ್ದೇಶವಲ್ಲ. ರಜೆಯ ಅರ್ಜಿ ಇಷ್ಟು ದಿನಗಳೊಳಗೆ ಇತ್ಯರ್ಥವಾಗಬೇಕು, ಸುರಕ್ಷತೆಯ ನಿಯಮಗಳ ಹೊಸ ಪ್ರತಿಯೇ ಎಲ್ಲರ ಕೈಗೂ ಸಿಗಬೇಕು, ಒಂದು ಶಾಖೆಯವರು ಬಿಡಿಸಿದ ತೊಡಕನ್ನು ಇನ್ನೊಂದು ಶಾಖೆಯವರು ಮೊದಲಿನಿಂದ ಬಿಡಿಸುವ ಶ್ರಮ ತಪ್ಪಬೇಕು ಎಂಬಂತಹವು ಉದ್ದೇಶಗಳು. ಇಂತಹವು ನಾಲ್ಕೈದಕ್ಕಿಂತ ಹೆಚ್ಚಿರಬಾರದು.

ಎರಡನೆಯದಾಗಿ, ಪೋರ್ಟಲ್ಲನ್ನು ತೆರೆಯುವ ಮೊದಲೇ ಇದ್ದ ಸ್ಥಿತಿಯನ್ನು ಅಳೆದಿಡಬೇಕು. ಕಾಗದದ ಅರ್ಜಿ ಎಷ್ಟು ದಿನ ತೆಗೆದುಕೊಳ್ಳುತ್ತಿತ್ತು, ಸಿಬ್ಬಂದಿ ಶಾಖೆಗೆ ದಿನಕ್ಕೆ ಎಷ್ಟು ವಿಚಾರಣೆಗಳು ಬರುತ್ತಿದ್ದವು ಎಂಬ ಲೆಕ್ಕ ಇಲ್ಲದಿದ್ದರೆ, ಅನಂತರದ ಯಾವ ಸಂಖ್ಯೆಗೂ ಹೋಲಿಕೆಯಿರುವುದಿಲ್ಲ. ಇತಿಹಾಸದಲ್ಲಿ ಹಿಂದಿನ ಸ್ಥಿತಿಯನ್ನು ತಿಳಿಯದೆ ಒಂದು ಸುಧಾರಣೆಯ ಫಲವನ್ನು ನಿರ್ಣಯಿಸುವಂತಿಲ್ಲವಷ್ಟೆ. ಈ ಹಂತ ಒಮ್ಮೆ ತಪ್ಪಿತೆಂದರೆ ಮತ್ತೆ ದೊರೆಯುವುದಿಲ್ಲ.

ಮೂರನೆಯದಾಗಿ, ಜನರನ್ನು ವರ್ಗಗಳಾಗಿ ವಿಂಗಡಿಸಿ ನೋಡಬೇಕು. ಕಚೇರಿಯವರು, ಯಂತ್ರಶಾಲೆಯವರು, ಊರೂರು ತಿರುಗುವವರು, ಹೊಸಬರು, ಹಳಬರು ಇವರ ಸರಾಸರಿಯನ್ನು ತೆಗೆದರೆ ಯಾರ ಸ್ಥಿತಿಯೂ ತಿಳಿಯುವುದಿಲ್ಲ. ನಮ್ಮ ನಾಡಿನ ಕಾರ್ಖಾನೆಗಳಲ್ಲಿ ಭಾಷೆಯ ವಿಂಗಡಣೆಯೂ ಅವಶ್ಯ. ಪೋರ್ಟಲ್ ಇಂಗ್ಲಿಷಿನಲ್ಲಿ ಮಾತ್ರವಿದ್ದು ಕಾರ್ಮಿಕ ಕನ್ನಡವನ್ನು ಮಾತ್ರ ಓದಬಲ್ಲವನಾಗಿದ್ದರೆ, ಅವನನ್ನು ‘ಬಳಸದವರು’ ಎಂಬ ಪಟ್ಟಿಗೆ ಸೇರಿಸುವುದು ಅನ್ಯಾಯ. ಅಲ್ಲಿ ಅಳೆದದ್ದು ಅವನ ಆಸಕ್ತಿಯನ್ನಲ್ಲ, ಪೋರ್ಟಲ್ಲಿನ ಕೊರತೆಯನ್ನು.

ನಾಲ್ಕನೆಯದಾಗಿ, ಪ್ರತಿಯೊಂದು ಉದ್ದೇಶಕ್ಕೂ ತಕ್ಕ ಅಳತೆಯನ್ನು ಗೊತ್ತುಮಾಡಬೇಕು. ಬಾಗಿಲಿಗೆ ಬಂದವರನ್ನು ಬಿಟ್ಟು, ಕೆಲಸ ಪೂರೈಸಿಕೊಂಡವರನ್ನು ಎಣಿಸುವುದೇ ಇಲ್ಲಿ ಮುಖ್ಯ. ಒಂದು ತಿಂಗಳಲ್ಲಿ ೨೦೦ ರಜೆಯ ಅರ್ಜಿಗಳಲ್ಲಿ ೧೫೦ ಪೋರ್ಟಲ್ಲಿನ ಮೂಲಕ ಬಂದುವೆಂದು ಇಟ್ಟುಕೊಳ್ಳೋಣ. ನೂರಕ್ಕೆ ೭೫ ಎಂದು ಹೇಳಿಕೊಳ್ಳಬಹುದು. ಆದರೆ ಆ ೧೫೦ರಲ್ಲಿ ೬೦ ಅರ್ಜಿಗಳ ಬಗ್ಗೆ ನೌಕರರು ಮತ್ತೆ ದೂರವಾಣಿ ಮಾಡಿ ವಿಚಾರಿಸಬೇಕಾಯಿತಾದರೆ, ಪೋರ್ಟಲ್ ತಾನಾಗಿ ನಡೆಸಿಕೊಟ್ಟ ಕೆಲಸ ೯೦ ಮಾತ್ರ, ಅಂದರೆ ನೂರಕ್ಕೆ ೪೫. ಈ ಎರಡನೆಯ ಸಂಖ್ಯೆ ಚಿಕ್ಕದಾದರೂ ಸತ್ಯಕ್ಕೆ ಹತ್ತಿರವಾದುದು.

ಇದರ ಜೊತೆಗೆ ವಿಫಲವಾದ ಹುಡುಕಾಟಗಳ ಪಟ್ಟಿಯನ್ನು ಪ್ರತಿ ತಿಂಗಳೂ ಓದಬೇಕು. ಜನರು ಯಾವ ಪದವನ್ನು ಬರೆದು ಹುಡುಕಿದರು, ಯಾವುದಕ್ಕೆ ಉತ್ತರ ಸಿಗಲಿಲ್ಲ ಎಂಬುದು ಆ ಪಟ್ಟಿಯಲ್ಲಿರುತ್ತದೆ. ದಫ್ತರಖಾನೆಗಳಲ್ಲಿ ಪ್ರಜೆಗಳ ಅರ್ಜಿಗಳ ಕಟ್ಟು ಇತಿಹಾಸಕಾರನಿಗೆ ಎಷ್ಟು ಬೆಲೆಯುಳ್ಳದ್ದೋ ಪೋರ್ಟಲ್ಲಿನ ಅಧ್ಯಯನಕ್ಕೆ ಈ ಪಟ್ಟಿ ಅಷ್ಟು ಬೆಲೆಯುಳ್ಳದ್ದು. ಆಡಳಿತ ಏನನ್ನು ಕೊಟ್ಟಿತೆಂಬುದನ್ನು ಆಜ್ಞೆಗಳು ಹೇಳುತ್ತವೆ. ಜನರಿಗೆ ಏನು ಬೇಕಾಗಿತ್ತೆಂಬುದನ್ನು ಅರ್ಜಿಗಳು ಹೇಳುತ್ತವೆ.

ಐದನೆಯದಾಗಿ, ಸಂಖ್ಯೆಗಳು ಹೇಳದುದನ್ನು ಕಣ್ಣಿನಿಂದ ನೋಡಿ, ಬಾಯಿಂದ ಕೇಳಿ ತಿಳಿಯಬೇಕು. ಬಳಕೆಯ ಸೌಲಭ್ಯವನ್ನು ಕುರಿತು ದೀರ್ಘಕಾಲ ಸಂಶೋಧನೆ ಮಾಡಿರುವ ಜೇಕಬ್ ನೀಲ್ಸನ್ ಅವರು, ಐದು ಮಂದಿಯನ್ನು ಕೂರಿಸಿ ಒಂದೊಂದು ಕೆಲಸವನ್ನು ಕೊಟ್ಟು ಅವರು ಎಲ್ಲಿ ತಡವರಿಸುತ್ತಾರೆಂದು ನೋಡಿದರೆ ಮುಖ್ಯವಾದ ದೋಷಗಳಲ್ಲಿ ಬಹುಪಾಲು ಬಯಲಾಗುತ್ತವೆಂದು ೨೦೦೦ದಲ್ಲಿ ವಾದಿಸಿದರು. ಅವರೇ ೨೦೦೬ರಲ್ಲಿ ಇನ್ನೊಂದು ಸಂಗತಿಯತ್ತ ಗಮನ ಸೆಳೆದರು. ಜನ ಕೂಡಿ ಬರೆಯುವ ತಾಣಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ೯೦ ಮಂದಿ ಓದುವವರು ಮಾತ್ರ. ೯ ಮಂದಿ ಆಗಾಗ ಬರೆಯುವವರು. ಒಬ್ಬನು ಮಾತ್ರ ಹೆಚ್ಚಾಗಿ ಬರೆಯುವವನು. ಆದುದರಿಂದ ಬರೆದವರನ್ನು ಮಾತ್ರ ಎಣಿಸಿ, ಮೌನವಾಗಿ ಓದಿ ಪ್ರಯೋಜನ ಪಡೆದವರನ್ನು ನಿರುಪಯೋಗಿಗಳೆಂದು ತಳ್ಳಿಹಾಕುವುದು ಸಲ್ಲದು.

೬. ಎಣಿಕೆಗೆ ಬಹುಮಾನ ಕಟ್ಟಿದ ಪರಿಣಾಮ

ಬಳಕೆಯನ್ನು ಹೆಚ್ಚಿಸುವುದಕ್ಕೆ ಆಡಳಿತಗಾರರಿಗೆ ಮೊದಲು ತೋರುವ ಉಪಾಯ ಬಹುಮಾನ. ಎಣಿಕೆಗೆ ಬಹುಮಾನವನ್ನು ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಪ್ರಸಿದ್ಧವಾದ ಒಂದು ನಿದರ್ಶನ ಉಂಟು. ೧೯೦೨ರಲ್ಲಿ ಫ್ರೆಂಚರ ಆಳ್ವಿಕೆಯಲ್ಲಿದ್ದ ಹನೋಯ್ ನಗರದ ಒಳಚರಂಡಿಗಳಲ್ಲಿ ಇಲಿಗಳು ಹೆಚ್ಚಿ, ಪ್ಲೇಗಿನ ಭಯ ಉಂಟಾಗಲು, ಇಲಿಯ ಬಾಲವನ್ನು ತಂದೊಪ್ಪಿಸಿದವರಿಗೆ ಬಾಲಕ್ಕಿಷ್ಟೆಂದು ಹಣ ಕೊಡುವುದಾಗಿ ಸರ್ಕಾರ ಸಾರಿತು. ಬಾಲಗಳು ಸಾವಿರಗಟ್ಟಲೆಯಾಗಿ ಬಂದವು. ಸ್ವಲ್ಪ ಕಾಲದಲ್ಲಿಯೇ ಬಾಲವಿಲ್ಲದ ಇಲಿಗಳು ಊರಿನಲ್ಲಿ ಓಡಾಡುವುದು ಕಾಣಿಸಿತು. ನಗರದ ಹೊರವಲಯದಲ್ಲಿ ಹಣಕ್ಕಾಗಿಯೇ ಇಲಿಗಳನ್ನು ಸಾಕುತ್ತಿದ್ದುದೂ ಪತ್ತೆಯಾಯಿತು. ಸರ್ಕಾರಕ್ಕೆ ಬೇಕಾಗಿದ್ದುದು ಇಲಿಗಳ ನಾಶ. ಅದು ಎಣಿಸಿದ್ದು ಬಾಲಗಳನ್ನು. ಈ ಪ್ರಸಂಗವನ್ನು ಇತಿಹಾಸಕಾರ ಮೈಕೆಲ್ ವ್ಯಾನ್ ಅವರು ದಾಖಲೆಗಳ ಆಧಾರದಿಂದ ಬೆಳಕಿಗೆ ತಂದಿದ್ದಾರೆ.

ಇದೇ ತತ್ತ್ವವನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ೧೯೭೫ರಲ್ಲಿ ಹಣದ ನಿಯಂತ್ರಣದ ಸಂದರ್ಭದಲ್ಲಿ ಪ್ರತಿಪಾದಿಸಿದರು. ಅಳತೆಯಾಗಿದ್ದುದನ್ನು ಗುರಿಯನ್ನಾಗಿ ಮಾಡಿಕೊಂಡೊಡನೆ ಅದು ಅಳತೆಯಾಗಿ ಉಳಿಯುವುದಿಲ್ಲವೆಂಬುದು ಆ ತತ್ತ್ವದ ಸಾರಾಂಶ.

ಹನೋಯ್ ನಗರದ ಜನ ಮೋಸ ಮಾಡಿದರು, ವಿದ್ಯಾವಂತರು ಹಾಗೆ ಮಾಡಲಾರರು ಎಂದು ಯಾರಾದರೂ ಹೇಳಬಹುದು. ಮೋಸದ ಉದ್ದೇಶವಿಲ್ಲದ ಕಡೆಯಲ್ಲಿಯೂ ಈ ತತ್ತ್ವ ಕೆಲಸ ಮಾಡುತ್ತದೆಂಬುದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿಯುಳ್ಳ ಇನ್ಫೋಸಿಸ್ ಸಂಸ್ಥೆಯ ಅನುಭವ ಸಾಕ್ಷಿಯಾಗಿದೆ. ಆ ಸಂಸ್ಥೆ ತನ್ನ ನೌಕರರ ಅನುಭವಜ್ಞಾನವನ್ನು ಕೂಡಿಹಾಕುವುದಕ್ಕಾಗಿ ಕೆ-ಶಾಪ್ ಎಂಬ ಒಳಗಿನ ಪೋರ್ಟಲ್ಲನ್ನು ಏರ್ಪಡಿಸಿತು. ಅದಕ್ಕೆ ಲೇಖನಗಳನ್ನು ಒದಗಿಸಿದವರಿಗೂ, ಅವನ್ನು ಪರಿಶೀಲಿಸಿದವರಿಗೂ ಜ್ಞಾನದ ನಾಣ್ಯ ಎಂದು ಕರೆಯಬಹುದಾದ ಅಂಕಗಳು ದೊರೆಯುತ್ತಿದ್ದವು. ಅವನ್ನು ಕೂಡಿಸಿ ಹಣಕ್ಕೋ ಉಡುಗೊರೆಗೋ ಬದಲಾಯಿಸಿಕೊಳ್ಳಬಹುದಾಗಿತ್ತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ ಎಂಬ ವಿದ್ವಾಂಸರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಪರಿಣಾಮವನ್ನು ವಿವರಿಸಿದ್ದಾರೆ. ಲೇಖನಗಳು ಪ್ರವಾಹದಂತೆ ಬಂದುವು. ಪರಿಶೀಲಿಸಬೇಕಾದ ತಜ್ಞರ ಮೇಲೆ ಭಾರ ಹೆಚ್ಚಿತು. ಮೆಚ್ಚಿಕೆಯ ಅಂಕಗಳು ಉದಾರವಾಗಿ ಹಂಚಿಕೆಯಾದುವು. ರಾಶಿಯ ನಡುವೆ ಉಪಯುಕ್ತವಾದುದನ್ನು ಹುಡುಕುವುದು ಓದುಗರಿಗೆ ಕಷ್ಟವಾಯಿತು. ಬಳಕೆಯನ್ನು ಹೆಚ್ಚಿಸಲು ಹೂಡಿದ ಉಪಾಯ ಬಳಸುವವನಿಗೇ ತೊಡಕಾಗಿ ಪರಿಣಮಿಸಿತು.

ಈ ಪ್ರಸಂಗದಲ್ಲಿ ಪ್ರಶಂಸಾರ್ಹವಾದ ಅಂಶವೂ ಇದೆ. ಸಂಸ್ಥೆಯವರು ಈ ದೋಷವನ್ನು ಗುರುತಿಸಿ ೨೦೦೨ರಲ್ಲಿ ತಮ್ಮ ಏರ್ಪಾಟನ್ನು ತಿದ್ದಿದರು. ಲೇಖನವನ್ನು ನಿಜವಾಗಿ ಬಳಸಿದವರ ಅಭಿಪ್ರಾಯಕ್ಕೆ ಪ್ರಾಶಸ್ತ್ಯ ಕೊಟ್ಟರು. ಹೆಚ್ಚಿನ ಅಂಕ ಕೊಡುವವರು ಅದಕ್ಕೆ ಆಧಾರವನ್ನು ತೋರಿಸಬೇಕೆಂದರು. ಹಣದ ಬಹುಮಾನಕ್ಕಿಂತ ಮನ್ನಣೆಗೆ ಹೆಚ್ಚು ಸ್ಥಾನವಿತ್ತರು. ಎಷ್ಟು ಬರೆದರು ಎಂಬ ಎಣಿಕೆಯಿಂದ, ಬರೆದುದು ಯಾರಿಗೆ ಉಪಯೋಗವಾಯಿತು ಎಂಬ ವಿಚಾರಣೆಗೆ ಅಳತೆ ತಿರುಗಿತು. ಅಳತೆಯೂ ಪರಿಶೀಲನೆಗೆ ಒಳಪಡತಕ್ಕ ವಸ್ತುವೆಂಬ ಪಾಠ ಇದರಲ್ಲಿದೆ.

೭. ಬಳಕೆಯನ್ನು ಬೆಳೆಸುವ ಬಗೆ

ಬಹುಮಾನ ಸಾಲದೆಂದರೆ ಜನರನ್ನು ಸೆಳೆಯುವುದು ಹೇಗೆ? ಇದಕ್ಕೆ ಎರಡು ದೇಶಗಳಿಂದ ಒಂದೇ ಉತ್ತರ ದೊರೆಯುತ್ತದೆ. ಸರ್ನ್ ಸಂಸ್ಥೆಯಲ್ಲಿ ವೆಬ್ ಮೊದಲು ಬಳಕೆಗೆ ಬಂದದ್ದು ಭೌತವಿಜ್ಞಾನದ ಗಹನವಾದ ಲೇಖನಗಳಿಗಾಗಿ ಅಲ್ಲ. ಸಂಸ್ಥೆಯ ದೂರವಾಣಿಯ ಪಟ್ಟಿಯನ್ನು ಅದರೊಳಗೆ ಸೇರಿಸಿದುದರಿಂದ, ಪ್ರತಿದಿನವೂ ಯಾರದಾದರೊಂದು ಸಂಖ್ಯೆ ಬೇಕಾದವರು ಅದನ್ನು ತೆರೆದರು. ಅಲ್ಲಿನ ಬಹುಮಂದಿಗೆ ವೆಬ್ ಎಂದರೆ ದೂರವಾಣಿಯ ಪಟ್ಟಿಯನ್ನು ನೋಡುವ ಸಾಧನವೆಂದೇ ಮೊದಲು ಪರಿಚಯವಾಯಿತು. ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ಫ್ರಾನ್ಸಿನಲ್ಲಿಯೂ ಇದೇ ನಡೆದಿತ್ತು. ಅಲ್ಲಿನ ದೂರವಾಣಿ ಇಲಾಖೆ ಮಿನಿಟೆಲ್ ಎಂಬ ಚಿಕ್ಕ ಯಂತ್ರವನ್ನು ಮನೆಮನೆಗೂ ಬೆಲೆಯಿಲ್ಲದೆ ಹಂಚಿತು; ೧೯೮೦ರಲ್ಲಿ ಸಾಂ-ಮಾಲೊ ಪ್ರಾಂತದಲ್ಲಿ ಪ್ರಯೋಗ ಆರಂಭವಾಯಿತು. ಮೊದಲಿಗೆ ಒದಗಿಸಿದ ಸೇವೆ ದೂರವಾಣಿಯ ಪಟ್ಟಿಯೇ. ಅದನ್ನು ನೋಡುವುದಕ್ಕೆ ಮೊದಲ ಮೂರು ನಿಮಿಷ ಶುಲ್ಕವಿರಲಿಲ್ಲ. ಈ ಅಭ್ಯಾಸದ ಬುನಾದಿಯ ಮೇಲೆ ಇತರ ಸಾವಿರಾರು ಸೇವೆಗಳು ಬೆಳೆದುವು. ೨೦೧೨ರ ಜೂನ್ ೩೦ರಂದು ಮಿನಿಟೆಲ್ ನಿಲ್ಲುವವರೆಗೂ ಅದಕ್ಕೆ ಬಳಕೆದಾರರಿದ್ದರು.

ಈ ಎರಡು ನಿದರ್ಶನಗಳಿಂದ ತಿಳಿದುಬರುವುದಿಷ್ಟು: ಪ್ರತಿದಿನ ಎಲ್ಲರಿಗೂ ಬೇಕಾಗುವ ಒಂದು ಚಿಕ್ಕ ವಸ್ತುವನ್ನು ಬೇರೆಲ್ಲಿಗಿಂತಲೂ ಸುಲಭವಾಗಿ ದೊರೆಯುವಂತೆ ಮಾಡಿದರೆ, ಬಳಕೆ ತಾನಾಗಿ ಬೆಳೆಯುತ್ತದೆ. ಫ್ರೆಡ್ ಡೇವಿಸ್ ೧೯೮೯ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಅಧ್ಯಯನದ ಫಲವೂ ಇದಕ್ಕೆ ಪೋಷಕವಾಗಿದೆ. ಗಣಕಯಂತ್ರದ ಒಂದು ಸಾಧನವನ್ನು ಜನ ಒಪ್ಪಿಕೊಳ್ಳುವುದು ಅದು ತಮಗೆ ಪ್ರಯೋಜನಕಾರಿ ಎಂಬ ನಂಬಿಕೆಯನ್ನೂ, ಅದು ಸುಲಭವೆಂಬ ನಂಬಿಕೆಯನ್ನೂ ಅವಲಂಬಿಸಿದೆ. ಅವೆರಡರಲ್ಲಿ ಪ್ರಯೋಜನದ ನಂಬಿಕೆಯೇ ಹೆಚ್ಚು ಬಲವಾದುದೆಂದು ಅವರು ಕಂಡರು.

ಪ್ರಯೋಜನವನ್ನು ನಂಬಿಸುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ಅಯೋವಾ ಪ್ರಾಂತದ ೨೫೯ ಮಂದಿ ರೈತರು ಮಿಶ್ರತಳಿಯ ಮುಸುಕಿನ ಜೋಳವನ್ನು ಹೇಗೆ ಒಪ್ಪಿಕೊಂಡರೆಂಬುದನ್ನು ಕುರಿತು ರಯನ್ ಮತ್ತು ಗ್ರಾಸ್ ಎಂಬವರು ನಡೆಸಿದ ಅಧ್ಯಯನ ೧೯೪೩ರಲ್ಲಿ ಪ್ರಕಟವಾಯಿತು. ಹೊಸ ಬೀಜದ ಸುದ್ದಿಯನ್ನು ರೈತರು ಮೊದಲು ಕೇಳಿದ್ದು ಬಹುಮಟ್ಟಿಗೆ ಮಾರಾಟಗಾರರಿಂದ. ಆದರೆ ಅದನ್ನು ಬಿತ್ತಲು ಅವರ ಮನಸ್ಸನ್ನು ಒಲಿಸಿದವರು ನೆರೆಯ ರೈತರು. ಸುತ್ತೋಲೆಗಳು ಮಾರಾಟಗಾರನ ಕೆಲಸವನ್ನು ಮಾಡಬಲ್ಲವು, ನೆರೆಯವನ ಕೆಲಸವನ್ನು ಮಾಡಲಾರವು. ಪ್ರತಿ ಶಾಖೆಯಲ್ಲಿಯೂ ಪೋರ್ಟಲ್ಲನ್ನು ಬಲ್ಲ ಒಬ್ಬ ಸಹೋದ್ಯೋಗಿ ಪಕ್ಕದಲ್ಲಿ ಕುಳಿತು ತೋರಿಸಿಕೊಡುವಂತೆ ಏರ್ಪಡಿಸುವುದು ಹತ್ತು ಆಜ್ಞೆಗಳಿಗಿಂತ ಮೇಲು. ಅದಕ್ಕಾಗಿ ಆ ಸಹೋದ್ಯೋಗಿಗೆ ಅವನ ನಿತ್ಯದ ಕೆಲಸದಲ್ಲಿ ಸ್ವಲ್ಪ ಬಿಡುವನ್ನು ಕೊಡಬೇಕೆಂಬುದನ್ನೂ ಮರೆಯಬಾರದು.

ರಂಗನಾಥನ್ ಅವರ ಮೊದಲನೆಯ ಸೂತ್ರ, ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದು. ಈ ಸರಳವಾದ ಮಾತಿನಿಂದ ಅವರು ಗ್ರಂಥಾಲಯದ ಸ್ಥಳ, ಬಾಗಿಲು ತೆರೆದಿರುವ ವೇಳೆ, ಪೀಠೋಪಕರಣ, ಸಿಬ್ಬಂದಿಯ ನಡವಳಿಕೆ ಎಲ್ಲವನ್ನೂ ನಿಷ್ಪನ್ನಗೊಳಿಸಿದರು. ಓದುಗರು ಬರಲಿಲ್ಲವೆಂದರೆ ಅವರು ಓದುಗರನ್ನು ದೂರಲಿಲ್ಲ. ಗ್ರಂಥಾಲಯ ಊರಿನಿಂದ ದೂರವಿದೆಯೇ, ಜನಕ್ಕೆ ಬಿಡುವಿರುವಾಗ ಅದು ಮುಚ್ಚಿರುತ್ತದೆಯೇ ಎಂದು ಕೇಳಿದರು. ಪೋರ್ಟಲ್ಲಿನ ವಿಷಯದಲ್ಲಿಯೂ ಇದೇ ಕ್ರಮ ಯುಕ್ತವಾದುದು. ಯಂತ್ರಶಾಲೆಯ ಬಾಗಿಲಲ್ಲಿ ಒಂದು ಗಣಕಯಂತ್ರವುಂಟೇ? ಮೊಬೈಲಿನಲ್ಲಿ ಪುಟ ಸರಿಯಾಗಿ ಕಾಣುತ್ತದೆಯೇ? ಗುಪ್ತಪದ ಮರೆತರೆ ಹೊಸದನ್ನು ಪಡೆಯಲು ಎಷ್ಟು ದಿನ ಬೇಕು? ನಿಯಮಗಳ ಪುಟ ಕನ್ನಡದಲ್ಲಿದೆಯೇ? ಹಳೆಯ ಸುತ್ತೋಲೆಯನ್ನು ತೆಗೆದು ಹೊಸದನ್ನು ಇಡುವ ಹೊಣೆ ಯಾರದು? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಪ್ರೋತ್ಸಾಹದ ಅವಶ್ಯಕತೆಯೇ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

೮. ಎಣಿಕೆಗೆ ಒಳಗಾಗುವವರ ಹಕ್ಕು

ಬಳಕೆಯ ದಾಖಲೆ ಒಂದು ಹಂತವನ್ನು ದಾಟಿದರೆ ವ್ಯಕ್ತಿಯ ಮೇಲಣ ಕಾವಲಾಗಿ ಮಾರ್ಪಡುತ್ತದೆ. ಯಾವ ನೌಕರ ಎಷ್ಟು ಗಂಟೆಗೆ ಯಾವ ಪುಟವನ್ನು ತೆರೆದನೆಂಬುದು ಸಂಸ್ಥೆಗೆ ತಿಳಿಯುತ್ತದೆ. ಒಬ್ಬನು ವೈದ್ಯಕೀಯ ವೆಚ್ಚದ ನಿಯಮಗಳನ್ನೋ, ರಾಜೀನಾಮೆಯ ನಿಯಮಗಳನ್ನೋ, ದೂರು ಸಲ್ಲಿಸುವ ವಿಧಾನವನ್ನೋ ಪದೇ ಪದೇ ಓದಿದನೆಂಬುದು ಅವನ ಮೇಲಧಿಕಾರಿಗೆ ತಿಳಿಯಬೇಕಾದ ಸಂಗತಿಯಲ್ಲ. ಹಾಗೆ ತಿಳಿಯುತ್ತದೆಂಬ ಶಂಕೆ ಹುಟ್ಟಿದೊಡನೆ ಜನರು ಆ ಪುಟಗಳಿಂದ ದೂರ ಸರಿಯುತ್ತಾರೆ. ಅಲ್ಲಿಗೆ ಬಳಕೆಯೂ ಕೆಡುತ್ತದೆ, ಅಳತೆಯೂ ಕೆಡುತ್ತದೆ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿ ಬದುಕಿನ ಹಕ್ಕು ಮೂಲಭೂತ ಹಕ್ಕುಗಳಲ್ಲಿ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯ ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತಿತು. ವ್ಯಕ್ತಿಗಳ ಮಾಹಿತಿಯ ರಕ್ಷಣೆಗಾಗಿ ೨೦೨೩ರಲ್ಲಿ ಸಂಸತ್ತು ಒಂದು ಅಧಿನಿಯಮವನ್ನೂ ಅಂಗೀಕರಿಸಿತು. ಕಾನೂನಿನ ಮಾತು ಹಾಗಿರಲಿ, ಅಳತೆಯ ಯೋಜನೆಯಲ್ಲಿಯೇ ಕೆಲವು ಕಟ್ಟಳೆಗಳನ್ನು ಸೇರಿಸಿಕೊಳ್ಳಬೇಕು. ಏನನ್ನು ದಾಖಲಿಸಲಾಗುತ್ತದೆ, ಏತಕ್ಕಾಗಿ, ಎಷ್ಟು ಕಾಲ ಎಂಬುದನ್ನು ನೌಕರರಿಗೆ ಮೊದಲೇ ತಿಳಿಸಬೇಕು. ವರದಿಗಳು ಶಾಖೆಯ ಮಟ್ಟದಲ್ಲಿರಬೇಕೇ ಹೊರತು ವ್ಯಕ್ತಿಯ ಮಟ್ಟದಲ್ಲಿರಬಾರದು. ಶಾಖೆಯಲ್ಲಿ ನಾಲ್ಕೇ ಮಂದಿ ಇದ್ದರೆ ಅಂತಹ ಶಾಖೆಗಳನ್ನು ಕೂಡಿಸಿ ತೋರಿಸಬೇಕು. ಪೋರ್ಟಲ್ಲಿನ ಗುಣವನ್ನು ತಿಳಿಯಲೆಂದು ಕೂಡಿಸಿದ ಅಂಕಿಗಳನ್ನು ನೌಕರನ ಬಡ್ತಿಯ ನಿರ್ಣಯಕ್ಕೆ ಉಪಯೋಗಿಸಲೇಬಾರದು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಉದ್ದೇಶವನ್ನು ಮೊದಲು ಬರೆಯಬೇಕು; ಹಿಂದಿನ ಸ್ಥಿತಿಯನ್ನು ಅಳೆದಿಡಬೇಕು; ಭೇಟಿಗಳನ್ನಲ್ಲ, ಪೂರೈಸಿದ ಕೆಲಸಗಳನ್ನು ಎಣಿಸಬೇಕು; ವಿಫಲವಾದ ಹುಡುಕಾಟಗಳಿಗೆ ಕಿವಿಗೊಡಬೇಕು; ಎಣಿಕೆಗೆ ಹಣವನ್ನು ಕಟ್ಟಬಾರದು; ಬಳಸದವನನ್ನು ದೂರುವ ಮೊದಲು ಅವನ ದಾರಿಯನ್ನು ಪರೀಕ್ಷಿಸಬೇಕು. ಆರು ತಿಂಗಳಿಗೊಮ್ಮೆ ಅಳತೆಗಳನ್ನೇ ಪುನಃ ಪರಿಶೀಲಿಸಿ, ಯಾವ ನಿರ್ಣಯಕ್ಕೂ ಸಹಾಯಕವಾಗದ ಅಂಕಿಯನ್ನು ಕೂಡಿಸುವುದನ್ನು ನಿಲ್ಲಿಸಬೇಕು.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಇಂತಹ ಸಂಸ್ಥೆಗಳಲ್ಲಿಯೇ ಉದ್ಯೋಗವನ್ನು ಕೈಗೊಳ್ಳುವರು. ಅಂಕಿಗಳ ಪಟ್ಟಿಯೊಂದು ಅವರ ಮೇಜಿಗೆ ಬಂದಾಗ, ಇದನ್ನು ಬರೆದವರು ಯಾರು, ಯಾರ ಪ್ರಯೋಜನಕ್ಕಾಗಿ ಬರೆದರು, ಇದರಲ್ಲಿ ಯಾರ ಹೆಜ್ಜೆ ಮೂಡಿಲ್ಲ ಎಂದು ಕೇಳುವ ಅಭ್ಯಾಸವನ್ನು ಇತಿಹಾಸದ ತರಗತಿ ಅವರಿಗೆ ಕೊಟ್ಟಿದ್ದರೆ ಅದು ಸಣ್ಣ ಲಾಭವೇನಲ್ಲ. ಯಂತ್ರಶಾಲೆಯ ಆ ೪೦೦ ಮಂದಿ ಸಂಖ್ಯೆಯಲ್ಲಿ ಕಾಣದಿದ್ದರೂ ಇದ್ದಾರೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಮಾಡಿದ ಅಳತೆಯೇ ಪ್ರಾಮಾಣಿಕವಾದ ಅಳತೆ.